ಗಾಡಿಯ ಮೈಬಣ್ಣ

ಹುಣಸೂರಿನ ಉಪಾಧ್ಯಾಯರೊಬ್ಬರು 2012ರಲ್ಲಿ ನಿವೃತ್ತರಾದಾಗ, ಕೈಗೆ ಬಂದ ಹಣದಲ್ಲಿ ಒಂದು ಭಾಗವನ್ನು ತೆಗೆದು ಕಡುನೀಲಿ ಬಣ್ಣದ ಸಣ್ಣ ಕಾರೊಂದನ್ನು ಕೊಂಡರು. ವರ್ಗವಾದಲ್ಲೆಲ್ಲ, ಪಿರಿಯಾಪಟ್ಟಣಕ್ಕೂ ಹೆಗ್ಗಡದೇವನಕೋಟೆಗೂ, ಬಸ್ಸಿನಲ್ಲಿ ನಿಂತೇ ಓಡಾಡಿ ಸವೆದವರು ಅವರು. ಇನ್ನೊಂದು ಗಾಡಿಯನ್ನು ಕೊಳ್ಳುವ ಕಾಲ ತಮಗೆ ಬರಲಾರದೆಂಬುದನ್ನು ಚೆನ್ನಾಗಿ ಬಲ್ಲರು. ಆದುದರಿಂದ ಅದನ್ನು ತೊಳೆಯುವ ಕೆಲಸವನ್ನು ಪರರ ಕೈಗೆ ಒಪ್ಪಿಸಲು ಮನಸ್ಸು ಬರಲಿಲ್ಲ.

ಆ ಸೀಮೆಯಲ್ಲಿ ಗಾಡಿಯನ್ನು ಶುಭ್ರವಾಗಿಡುವುದು ಸುಲಭವಲ್ಲ. ಕೋಟೆಯ ಕಡೆಗೆ ಹೋದರೆ ಕೆಂಪು ಧೂಳು. ಕೃಷ್ಣರಾಜನಗರದ ಕಡೆಗೆ ಹೋದರೆ ಗದ್ದೆಯ ಕೆಸರು ಮೆತ್ತಿದ ಟ್ರ್ಯಾಕ್ಟರುಗಳ ಹಿಂಬಾಲಿಕೆ. ಸುಗ್ಗಿ ಬಂತೆಂದರೆ ರಸ್ತೆಯೇ ಕಣ. ಹುರುಳಿಯನ್ನೋ ರಾಗಿಯನ್ನೋ ಹಾಸಿರುತ್ತಾರೆ, ಹಾದುಹೋಗುವ ಗಾಡಿಗಳು ಕೂಲಿಯಿಲ್ಲದೆ ಒಕ್ಕಣೆ ಮಾಡಿಕೊಡಬೇಕು. ಹೊಗೆಸೊಪ್ಪನ್ನು ಬೇಯಿಸುವ ತಿಂಗಳುಗಳಲ್ಲಿ ಬ್ಯಾರನ್ನುಗಳ ಸೌದೆಯ ಬೂದಿ ಗಾಳಿಯಲ್ಲಿ ಹಾರಿಬಂದು ಕೂರುತ್ತದೆ. ಅದರ ಮೇಲೆ ರಾತ್ರಿಯ ಇಬ್ಬನಿ ಬಿದ್ದರೆ ಕ್ಷಾರವಾಗಿ ಕಲೆ ಕಟ್ಟುತ್ತದೆ.

ಮೇಷ್ಟ್ರು ಇದಕ್ಕೆಲ್ಲ ಹೆದರುವವರಲ್ಲ. ಬೆಳಗಿನ ಕಾಫಿಯಾದೊಡನೆ ಹಳೆಯ ಪಂಚೆಯ ತುಂಡೊಂದನ್ನು ಹಿಡಿದು ಒಣಧೂಳನ್ನು ಒರಸುವರು. ತಿಂಗಳಿಗೊಮ್ಮೆ ರಬ್ಬಿಂಗ್ ಕಾಂಪೌಂಡಿನ ಡಬ್ಬಿಯನ್ನು ತೆರೆದು ಮುಖ ಕಾಣುವಂತೆ ತಿಕ್ಕುವರು. ಈ ವಿದ್ಯೆಯನ್ನು ಅವರು ಕಲಿತದ್ದು ಎಳೆಯ ವಯಸ್ಸಿನಲ್ಲಿ, ತಮ್ಮ ಮುಖ್ಯೋಪಾಧ್ಯಾಯರ ಅಂಬಾಸಿಡರ್ ಗಾಡಿಯ ಮುಂದೆ ನಿಂತು. ಮಂಕಾದ ಆ ಗಾಡಿ ಅರ್ಧ ಗಂಟೆಯ ಉಜ್ಜುವಿಕೆಯಲ್ಲಿ ಹೊಸ ಮದುವಣಿಗನಂತೆ ಹೊಳೆಯುತ್ತಿತ್ತು.

ಇದನ್ನು ಅಡಿಗೆಮನೆಯ ಬಾಗಿಲಿನಿಂದ ನೋಡುತ್ತಿದ್ದ ಅವರ ಮನೆಯವರು ಒಮ್ಮೆ ಹೇಳಿದರು: “ಏನೂಂದ್ರೆ, ನಮ್ಮ ತವರಿನ ತಂಬಿಗೆಯ ಮೇಲೆ ಅಜ್ಜಿಯ ಹೆಸರು ಕೊರೆಸಿತ್ತು. ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ದಿನಾ ಬೆಳಗಿದೆವು. ತಂಬಿಗೆ ಹೊಳೆಯುತ್ತಲೇ ಇದೆ, ಹೆಸರು ಹೋಯಿತು.” ಮೇಷ್ಟ್ರು ನಕ್ಕು, ಕಾರಿಗೂ ತಂಬಿಗೆಗೂ ಏನು ಸಂಬಂಧವೆಂದರು.

ಸಂಬಂಧವಿತ್ತು. ಹಳೆಯ ಗಾಡಿಗಳಿಗೆ ಮೈತುಂಬ ಒಂದೇ ಬಗೆಯ ಬಣ್ಣ. ಬಿಸಿಲಿಗೆ ಅದರ ಮೇಲ್ಮೈ ಸುಣ್ಣದಂತೆ ಪುಡಿಯಾಗುತ್ತಿತ್ತು. ಉಜ್ಜಿದರೆ ಆ ಪುಡಿ ಹೋಗಿ ಒಳಗಿನ ಹೊಸ ಬಣ್ಣ ಕಾಣುವುದು. ಎಷ್ಟು ಸವೆಯಿತೆಂಬುದಕ್ಕೆ ಕೈಯಲ್ಲಿನ ಬಟ್ಟೆಯೇ ಸಾಕ್ಷಿ, ಏಕೆಂದರೆ ಬಣ್ಣ ಅದಕ್ಕೆ ಹತ್ತುತ್ತಿತ್ತು. ಈಚಿನ ಗಾಡಿಗಳ ಕಟ್ಟೋಣ ಬೇರೆ. ತಗಡಿನ ಮೇಲೆ ಬೂದುಬಣ್ಣದ ತಳಲೇಪ, ಅದರ ಮೇಲೆ ತೆಳುವಾದ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ತಿಳಿಯಾದ ಕ್ಲಿಯರ್ ಕೋಟ್. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದು ಬಣ್ಣವನ್ನು ಕಾಯುವುದು ಈ ಕೊನೆಯ ಪದರವೇ. ಅದರ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದಲ್ಲಿ 40–50 ಭಾಗ, ತಲೆಗೂದಲಿಗಿಂತಲೂ ತೆಳು. ಕಾಂಪೌಂಡಿನಿಂದ ತಿಕ್ಕಿದಾಗಲೆಲ್ಲ ಅದರಲ್ಲಿ ಸ್ವಲ್ಪ ಹೋಗುತ್ತದೆ. ಆದರೆ ಅದಕ್ಕೆ ಬಣ್ಣವಿಲ್ಲವಾಗಿ ಬಟ್ಟೆ ಬೆಳ್ಳಗೇ ಉಳಿಯುತ್ತದೆ. ಎಚ್ಚರಿಸುವ ಸಾಕ್ಷಿಯಿಲ್ಲ. ಇನ್ನು ಒಣಧೂಳಿನ ಮಾತು: ಕೆಂಪು ಮಣ್ಣಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ, ಅವು ಲೇಪಕ್ಕಿಂತ ಎಷ್ಟೋ ಗಟ್ಟಿ. ನೀರಿಲ್ಲದೆ ಪಂಚೆಯಿಂದ ಒರಸುವುದೆಂದರೆ ಆ ಕಣಗಳನ್ನು ಬಟ್ಟೆಯ ಕೆಳಗಿಟ್ಟು ಅರೆದಂತೆ. ಬಿಸಿಲಿನಲ್ಲಿ ಗಾಡಿಯ ಮೈಮೇಲೆ ಜೇಡರ ಬಲೆಯಂತೆ ಕಾಣುವ ಸಣ್ಣ ಗೆರೆಗಳು ಬಹುಮಟ್ಟಿಗೆ ಒಡೆಯನ ಪ್ರೀತಿಯ ಗುರುತುಗಳೇ.

2019ರ ಬೇಸಗೆಯಲ್ಲಿ ಬಾನೆಟ್ಟಿನ ಅಂಚಿನಲ್ಲಿ ರೂಪಾಯಿಯಗಲದ ಬೂದು ಮಚ್ಚೆಯೊಂದು ಕಂಡಿತು. ಕೊಳೆಯೆಂದು ಭಾವಿಸಿ ಮೇಷ್ಟ್ರು ಅದನ್ನೂ ತಿಕ್ಕಿದರು, ಅಗಲವಾಯಿತು. ಬಣ್ಣದ ಮಿಸ್ತ್ರಿಯ ಬಳಿಗೆ ಒಯ್ದರು. ಅವನು ಅಂಚಿನ ಮೇಲೆ ಬೆರಳಾಡಿಸಿ, “ಮೇಷ್ಟ್ರೇ, ಇನ್ನು ಉಜ್ಜಬೇಡಿ. ಉಜ್ಜೋಕೆ ಇಲ್ಲಿ ಏನೂ ಉಳಿದಿಲ್ಲ” ಎಂದ. ಅಂಚುಗಳಲ್ಲಿ ಕೈಯ ಒತ್ತಡ ಹೆಚ್ಚು ಬೀಳುವುದರಿಂದ ಮೊದಲು ಸವೆಯುವುದು ಅಲ್ಲಿಯೇ. ಬಾನೆಟ್ಟಿಗೆ ಪೂರ್ತಿ ಹೊಸ ಬಣ್ಣ ಹೊಡೆಯಬಹುದು; ಆದರೆ ಏಳು ವರ್ಷ ಬಿಸಿಲು ಕಂಡ ನೀಲಿಯ ಪಕ್ಕದಲ್ಲಿ ಹೊಸ ನೀಲಿ ಹೊಂದುವುದು ಕಷ್ಟ. ಮೇಷ್ಟ್ರು ಬೇಡವೆಂದರು. ಮನೆಗೆ ಬಂದು ಎರಡು ದಿನ ಗಾಡಿಯ ಕಡೆಗೆ ಹೋಗಲಿಲ್ಲ. ಬಿಸಿಲಾಗಲಿ ಬೂದಿಯಾಗಲಿ ಮಾಡಿದ ಕೇಡಾಗಿದ್ದರೆ ಬೈಯಬಹುದಾಗಿತ್ತು.

ಅದೇ ಜಿಲ್ಲೆಯ ಮೈಸೂರಿನಲ್ಲಿ, 1937ರಲ್ಲಿ ಅರಗು ಮತ್ತು ಬಣ್ಣಗಳ ಕಾರ್ಖಾನೆಯಾಗಿ ಹುಟ್ಟಿದ ಸಂಸ್ಥೆಯು 1962ರಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿಯನ್ನು ತಯಾರಿಸುತ್ತ ಬಂದಿದೆ. ಎಷ್ಟು ಉಜ್ಜಿದರೂ ವಾರಗಟ್ಟಲೆ ಹೋಗದ ಬಣ್ಣವದು. ಗಾಡಿಗೂ ಅದನ್ನೇ ಹಚ್ಚಿಸಬಹುದಿತ್ತೆಂದು ಮೇಷ್ಟ್ರು ಮೂರನೆಯ ದಿನ ತಾವೇ ಹಾಸ್ಯಮಾಡಿಕೊಂಡರು. ಅಲ್ಲಿಗೆ ಮನೆಯವರಿಗೆ ಸಮಾಧಾನವಾಯಿತು.

ಈಗ ಅವರ ಕ್ರಮವೇ ಬೇರೆ. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ ತಣ್ಣಗಾಗಬಿಡುವರು. ಮುಟ್ಟುವ ಮೊದಲು ಬರಿಯ ನೀರು ಸುರಿದು ಮಣ್ಣನ್ನು ಇಳಿಸುವರು. ಬಳಿಕ ಎರಡು ಬಕೆಟ್ಟು: ಒಂದರಲ್ಲಿ ಗಾಡಿಗೆಂದೇ ಮಾಡಿದ ಸೌಮ್ಯವಾದ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆಯನ್ನು ಜಾಲಿಸಲು ತಿಳಿನೀರು. ಮಾಡಿನಿಂದ ಆರಂಭಿಸಿ ಕೆಳಕ್ಕೆ ಬರುವರು. ಹೆಚ್ಚು ಮಣ್ಣಿರುವ ಚಕ್ರಗಳಿಗೆ ಕಡೆಯ ಸರದಿ, ಬೇರೆ ಬಟ್ಟೆ. ಬಟ್ಟೆಯ ಸೋಪಿನ ಪುಡಿಯನ್ನು ಹತ್ತಿರ ಬಿಡರು, ಅದು ಮೇಣವನ್ನು ಕಿತ್ತುಹಾಕುತ್ತದೆ. ಕೊಳವೆಬಾವಿಯ ಗಡಸುನೀರು ಆರಿದಲ್ಲಿ ಬಿಳಿಯ ಉಂಗುರಗಳನ್ನು ಬಿಡುವುದರಿಂದ, ಹೆಂಚಿನಿಂದ ಹಿಡಿದ ಮಳೆನೀರು ಇರುವ ದಿನ ಅವರಿಗೆ ಹಬ್ಬ. ತೊಳೆದ ಮೇಲೆ ತಡಮಾಡದೆ ಮೆತ್ತಗಿನ ಮೈಕ್ರೋಫೈಬರ್ ಬಟ್ಟೆಯನ್ನು ಒತ್ತಿ ತೇವ ಹೀರಿಸುವರು. ಮೂರು ತಿಂಗಳಿಗೊಮ್ಮೆ ಕಾರ್ನೌಬಾ ಮೇಣ. ಬ್ರೆಜಿಲ್ ದೇಶದ ಒಂದು ತಾಳೆಯ ಎಲೆಯಿಂದ ಬರುವ ಇದು ಕೊರೆಯುವುದಿಲ್ಲ, ಹೊದೆಯುತ್ತದೆ.

ಲಕ್ಷ್ಮಣತೀರ್ಥಕ್ಕೆ ಗಾಡಿಯನ್ನಿಳಿಸಿ ತೊಳೆಯೋಣವೆಂದು ನೆಂಟರ ಹುಡುಗನೊಬ್ಬ ಕರೆದದ್ದುಂಟು. ಎತ್ತುಗಳ ಮೈ ತೊಳೆದ ಹೊಳೆಗೆ ಎಂಜಿನ್ ಎಣ್ಣೆಯನ್ನು ಬಿಡುವುದು ಮೇಷ್ಟ್ರಿಗೆ ಸರಿತೋರಲಿಲ್ಲ. 2024ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಲಿಯು ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5000 ರೂಪಾಯಿ ದಂಡವೆಂದು ಸಾರಿದಾಗ, ತಮ್ಮ ಎರಡು ಬಕೆಟ್ಟುಗಳನ್ನು ಅವರು ಒಂದಿಷ್ಟು ಹೆಮ್ಮೆಯಿಂದಲೇ ನೋಡಿದರು.

ಮಚ್ಚೆ ಹಾಗೆಯೇ ಇದೆ. ತುಕ್ಕು ಹಿಡಿಯದಂತೆ ಮಿಸ್ತ್ರಿ ಒಂದು ತೊಟ್ಟು ಲೇಪ ಮುಟ್ಟಿಸಿ ಕೊಟ್ಟಿದ್ದಾನೆ. ಕುಂಕುಮದಿಂದ ಲೇಪಕ್ಕೆ ಕಲೆಯಾದೀತೆಂದು ಮೇಷ್ಟ್ರು ಈಗ ಆಯುಧಪೂಜೆಯಲ್ಲಿ ಗಾಜಿಗೆ ಮಾತ್ರ ಬೊಟ್ಟಿಡಬೇಕೆಂದು ಕಟ್ಟುಮಾಡಿದ್ದಾರೆ. ಕಳೆದ ನವರಾತ್ರಿಯಲ್ಲಿ ಮನೆಯವರು ಗಂಧ ಕುಂಕುಮದ ಬಟ್ಟಲನ್ನು ಹಿಡಿದು ಗಾಡಿಯ ಸುತ್ತ ಬಂದು, ನೇರವಾಗಿ ಆ ಮಚ್ಚೆಯ ಮೇಲೆಯೇ ಬೊಟ್ಟಿಟ್ಟರು.

“ಇಲ್ಲಾದರೆ ಕೆಡೋದಕ್ಕೆ ಏನೂ ಇಲ್ಲವಲ್ಲ” ಎಂದರು.