ಹಾವೇರಿ ಸೀಮೆಯಲ್ಲಿ ಪುಸ್ತಕ ದಾಸೋಹ

ಹುಬ್ಬಳ್ಳಿಯಿಂದ ಹರಿಹರದತ್ತ ಸಾಗುವ ರೈಲುಮಾರ್ಗದಲ್ಲಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಒಂದರ ಹಿಂದೊಂದು ಬರುತ್ತವೆ. ಹಾವೇರಿಗೆ ಹುಕ್ಕೇರಿಮಠದ ಹಿರಿಮೆ, ಬ್ಯಾಡಗಿಗೆ ಮೆಣಸಿನಕಾಯಿ ಪೇಟೆಯ ಖ್ಯಾತಿ, ರಾಣೇಬೆನ್ನೂರಿಗೆ ಬೀಜೋತ್ಪಾದನೆಯ ಹೆಸರು. ಈ ಸೀಮೆಯಲ್ಲಿ ಸಂಚರಿಸುವಾಗಲೆಲ್ಲ ನಮ್ಮನ್ನು ಒಂದು ಪ್ರಶ್ನೆ ಕಾಡುತ್ತದೆ. ಇಲ್ಲಿಯ ಮಕ್ಕಳು ಪರೀಕ್ಷೆಗಾಗಿ ಓದುತ್ತಾರೆ, ಸರಿ, ಸಂತೋಷಕ್ಕಾಗಿ ಓದುವರೇ?

ಹಾವೇರಿ ತಾಲೂಕಿನ ಗಳಗನಾಥ ಗ್ರಾಮ ವರದಾ–ತುಂಗಭದ್ರೆಯರ ಸಂಗಮ ಕ್ಷೇತ್ರ. ಆ ಊರಿನ ಹೆಸರಿನಿಂದಲೇ ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಶಾಲಾ ಶಿಕ್ಷಕರಾಗಿದ್ದು ಕಾದಂಬರಿಗಳನ್ನು ರಚಿಸಿದರು. ರಚಿಸಿ ಸುಮ್ಮನಾಗದೆ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರ ಕೃತಿಗಳಲ್ಲಿ ಎಷ್ಟೋ ಮರಾಠಿಯಿಂದ ಬಂದವು. ಪರಭಾಷೆಯ ಕಥೆಯೆಂದು ಕನ್ನಡಿಗರು ಅವನ್ನು ದೂರವಿಡಲಿಲ್ಲ. ಕಥೆ ತಾಯ್ನುಡಿಗೆ ಬರಬೇಕು, ಪುಸ್ತಕ ಮನೆಬಾಗಿಲಿಗೆ ಬರಬೇಕು ಎಂಬ ಎರಡು ಪಾಠಗಳನ್ನು ಆ ಹಿರಿಯರು ನಡೆದೇ ಕಲಿಸಿದರು.

ಹಾವೇರಿಯಿಂದ ಬ್ಯಾಡಗಿಗೆ ಬಂದರೆ ಸುಗ್ಗಿಯ ದಿನಗಳಲ್ಲಿ ಪೇಟೆಯೆಲ್ಲ ಕೆಂಪು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣಕ್ಕೆ ಹೆಸರಾದ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಅದರಿಂದ ತೆಗೆದ ಬಣ್ಣ ಹೊರದೇಶಗಳಿಗೂ ಹೋಗುತ್ತದೆ. ಹಾಗೆಯೇ ಹೊರದೇಶದ ಕಥೆಗಳು ನಮ್ಮ ಮಕ್ಕಳ ಬಳಿಗೆ ಬರಬಾರದೇಕೆ? ಬರುತ್ತಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ‘ಸ್ಟೋರಿವೀವರ್’ ಎಂಬ ಅಂತರಜಾಲ ಕಥಾಭಂಡಾರವನ್ನು ತೆರೆಯಿತು. ಅಲ್ಲಿ ಕನ್ನಡದ ಸಚಿತ್ರ ಕಥೆಗಳಿವೆ. ‘ಆಫ್ರಿಕನ್ ಸ್ಟೋರಿಬುಕ್’ ಯೋಜನೆಯ ಕಥೆಗಳೂ ಇವೆ. ಯಾರೂ ಹಣ ಕೊಡದೆ ಓದಬಹುದು, ಅನುವಾದಿಸಬಹುದು, ಅಚ್ಚು ಹಾಕಿಕೊಳ್ಳಬಹುದು. ಹಳ್ಳಿಯ ಶಿಕ್ಷಕರೊಬ್ಬರು ಆಫ್ರಿಕದ ಕಥೆಯೊಂದನ್ನು ಕನ್ನಡಕ್ಕೆ ತಂದು, ತಮ್ಮ ಮಕ್ಕಳು ಹೇಳಿದ ಕಥೆಯೊಂದನ್ನು ಆ ಭಂಡಾರಕ್ಕೆ ಸೇರಿಸಿದರೆ ಎರಡು ಶಾಲೆಗಳ ನಡುವೆ ಸಮುದ್ರ ಅಡ್ಡಬಾರದು.

ಹೊರಗಿನ ನೆರವು ನಮ್ಮ ಶಾಲೆಗಳಿಗೆ ಹೊಸದೂ ಅಲ್ಲ. ಯುನಿಸೆಫ್ ನೆರವಿನೊಡನೆ 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಆರಂಭವಾದ ‘ನಲಿ–ಕಲಿ’ ಮುಂದೆ ನಾಡಿನ ಶಾಲೆಗಳಿಗೆಲ್ಲ ಹಬ್ಬಿತು. ಕಲಿಕೆಯಲ್ಲಿ ನಲಿವಿರಬೇಕೆಂಬುದೇ ಅದರ ಹುರುಳು.

ಆದರೆ ದೂರದ ಕಥೆ ಬಂದು ಇಳಿಯಲು ಹತ್ತಿರದಲ್ಲೊಂದು ಕಪಾಟು ಬೇಕು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿತು. ಆ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ವೆಂದು ಹೆಸರು. ಅರಿವು ಶರಣರ ಮಾತು. ಅದನ್ನು ಫಲಕದಲ್ಲಷ್ಟೇ ಉಳಿಸುವುದು ನಮಗೆ ಶೋಭೆಯಲ್ಲ.

“ಕಥೆಪುಸ್ತಕ ಓದಿದರೆ ಮಾರ್ಕು ಬರ್ತಾವೇನ್ರಿ?” ಎಂದು ಕೇಳುವ ತಂದೆತಾಯಿಗಳುಂಟು. ಸುಗ್ಗಿ ಬಂದಾಗ ಮಗ ಓದಲಿ, ಮಗಳು ತಾಯಿಯೊಡನೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸಲಿ ಎನ್ನುವ ಮನೆಗಳೂ ಉಂಟು. ಕಾಯಕ ಹಿರಿದು, ನಿಜ. ಆದರೆ ಬೆಳೆಯುವ ಮಗುವಿಗೆ ಅರಿವೇ ಮೊದಲ ಕಾಯಕ. ಸಂತೋಷದಿಂದ ಓದಿದ ಕೂಸು ಪಠ್ಯಪುಸ್ತಕಕ್ಕೂ ಅಂಜುವುದಿಲ್ಲ. ಬಿತ್ತುವ ಹದ ತಪ್ಪಿದರೆ ಒಳ್ಳೆಯ ಬೀಜವೂ ಫಲಿಸದೆಂಬುದನ್ನು ರಾಣೇಬೆನ್ನೂರಿನ ರೈತರಿಗೆ ನಾವು ಹೇಳಬೇಕಾಗಿಲ್ಲ.

ಅದೇ ತಾಲೂಕಿನ ಚೌಡಯ್ಯದಾನಪುರ ತುಂಗಭದ್ರೆಯ ದಡದಲ್ಲಿದೆ. ದೋಣಿ ನಡೆಸಿದ ಶರಣ ಅಂಬಿಗರ ಚೌಡಯ್ಯನವರ ನೆನಪು ಅಲ್ಲಿ ಇಂದಿಗೂ ಹಸಿರಾಗಿದೆ. ಮಕ್ಕಳನ್ನು ಅರಿವಿನ ದಡಕ್ಕೆ ಮುಟ್ಟಿಸುವ ಅಂಬಿಗರು ಇಂದು ಮನೆಮನೆಗೆ ಬೇಕಾಗಿದ್ದಾರೆ. ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ: ಸಂಜೆಯ ಲಿಂಗಪೂಜೆಯ ಬಳಿಕ ಅರ್ಧ ಗಂಟೆ ಟಿ.ವಿ., ಮೊಬೈಲುಗಳನ್ನು ಬದಿಗಿಟ್ಟು ಮಕ್ಕಳೊಡನೆ ಒಂದು ಕಥೆ ಓದಿರಿ. ಜಾತ್ರೆಯಲ್ಲಿ ಅನ್ನದಾಸೋಹದ ಮಗ್ಗುಲಲ್ಲಿ ಮಕ್ಕಳ ಪುಸ್ತಕಗಳಿಗೂ ಒಂದು ಮೇಜು ಹಾಕಿರಿ. ಮಗಳ ಕೈಹಿಡಿದು ಒಮ್ಮೆ ಅರಿವು ಕೇಂದ್ರಕ್ಕೆ ಹೋಗಿ ಅವಳ ಹೆಸರು ಬರೆಸಿ ಬನ್ನಿರಿ.