ಎರಡು ದಾರದ ವಿಮಾನ

ಗಲ್ಫಿನಿಂದ ಊರಿಗೆ ಬರುವವನ ಪೆಟ್ಟಿಗೆಯಲ್ಲಿ ಏನೇನಿರುತ್ತದೆ ಎಂಬುದು ನಮ್ಮ ಕರಾವಳಿಯ ಮಕ್ಕಳಿಗೆ ಬಾಯಿಪಾಠ. ಟ್ಯಾಂಗ್ ಡಬ್ಬಿ, ಟೈಗರ್ ಬಾಮ್, ಬಾದಾಮಿ, ಹೆಂಗಸರಿಗೆ ಬಟ್ಟೆ, ಗಂಡಸರಿಗೆ ಅತ್ತರು, ಮಕ್ಕಳಿಗೆ ಚಾಕಲೇಟು ಮತ್ತು ಆಟಿಕೆ. 2010ರ ಏಪ್ರಿಲಿನಲ್ಲಿ ಎರಡು ತಿಂಗಳ ರಜೆ ಸಿಕ್ಕಿ ನಾನು ದುಬೈಯಿಂದ ಬಂದಾಗ ನನ್ನ ಪೆಟ್ಟಿಗೆಯಲ್ಲೂ ಒಂದು ಆಟಿಕೆ ಇತ್ತು. ರಿಮೋಟಿನಿಂದ ಹಾರುವ ವಿಮಾನ. ಮಗನಿಗೆ ಆಗ ಒಂಬತ್ತು ವರ್ಷ. ಆ ಒಂಬತ್ತು ವರ್ಷಗಳಲ್ಲಿ ನಾನು ಅವನ ಜೊತೆ ಇದ್ದದ್ದು ಎಲ್ಲ ಸೇರಿ ಎಂಟು ತಿಂಗಳು.

ವಿಮಾನ ಎರಡನೇ ದಿನವೇ ತೆಂಗಿನ ಮರಕ್ಕೆ ಬಡಿದು ಎರಡು ಹೋಳಾಯಿತು. ಮಗ ಅಳಲಿಲ್ಲ. ತುಂಡುಗಳನ್ನು ಹೆಕ್ಕಿ ತಂದು ನನ್ನ ಮುಂದಿಟ್ಟು ಹೋದ. ಅವನು ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಏನಿದ್ದರೂ ತಾಯಿಯ ಮೂಲಕ. "ಉಮ್ಮಾ, ಅವರಿಗೆ ಚಾ ಬೇಕಾ ಕೇಳು" ಎನ್ನುತ್ತಿದ್ದ. ಆ 'ಅವರು' ನಾನು. ಮನೆಗೆ ಬಂದ ನೆಂಟರಿಗೆ ತೋರಿಸುವಷ್ಟು ಮರ್ಯಾದೆಯನ್ನು ನನಗೂ ತೋರಿಸುತ್ತಿದ್ದ. ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಮರುದಿನ ಅಸರ್ ನಮಾಝ್ ಮುಗಿಸಿ ಬರುವಾಗ ನೋಡಿದೆ. ಅಂಗಳದಲ್ಲಿ ಅವನು ಅಡಿಕೆ ಹಾಳೆ ಕತ್ತರಿಸಿ ಮಾಡಿದ ಒಂದು ವಿಮಾನಕ್ಕೆ ಹೊಲಿಗೆಯ ನೂಲು ಕಟ್ಟಿ ತಲೆಯ ಮೇಲೆ ಗಿರಗಿರ ತಿರುಗಿಸುತ್ತಿದ್ದ. ಅದು ಹಾರುತ್ತಿರಲಿಲ್ಲ, ಕವಣೆಯ ಕಲ್ಲಿನಂತೆ ಸುತ್ತುತ್ತಿತ್ತು. ಮೂತಿ ಅವನ ಕಡೆ, ಬಾಲ ಹೊರಗಡೆ. ನೂಲು ತುಂಡಾದರೆ ಮತ್ತೆ ಕಟ್ಟುತ್ತಿದ್ದ. ನಾನು ಹದಿನೈದು ವರ್ಷ ಎಸಿ ಮೆಕ್ಯಾನಿಕ್ ಆಗಿ ದುಡಿದವನು. ಕೆಟ್ಟದ್ದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ಹತ್ತಿರ ಹೋಗಿ ಹೇಳಿದೆ: "ನೂಲನ್ನು ಮೂತಿಗೆ ಕಟ್ಟಬಾರದು, ರೆಕ್ಕೆಯ ತುದಿಗೆ ಕಟ್ಟಬೇಕು."

ಅವನು ನನ್ನನ್ನೂ ವಿಮಾನವನ್ನೂ ಒಮ್ಮೆ ನೋಡಿ, ಅದನ್ನು ನನ್ನ ಕೈಗೆ ಕೊಟ್ಟ.

ರೆಕ್ಕೆಯ ತುದಿಗೆ ಕಟ್ಟಿದರೂ ಅದು ನೆಟ್ಟಗೆ ಸುತ್ತಲಿಲ್ಲ. ಆಗ ನನಗೆ ತಿಳಿದದ್ದನ್ನು ನಾನೇ ಮೊದಲು ಕಲಿಯಬೇಕಾಯಿತು. ವಿಮಾನವನ್ನು ರೆಕ್ಕೆಯ ಕೆಳಗೆ ಎರಡು ಬೆರಳಿನ ಮೇಲೆ ನಿಲ್ಲಿಸಿ, ಅದು ಹಿಂದಕ್ಕೂ ಮುಂದಕ್ಕೂ ವಾಲದ ಜಾಗವನ್ನು ಪೆನ್ಸಿಲಿನಿಂದ ಗುರುತು ಮಾಡಿದೆವು. ತೂಕ ನಿಲ್ಲುವ ಜಾಗ ಅದು. ದಾರ ರೆಕ್ಕೆಯಿಂದ ಹೊರಡುವ ಬಿಂದು ಈ ಗುರುತಿಗಿಂತ ತುಸು ಹಿಂದೆ ಇರಬೇಕು. ಆಗ ವಿಮಾನದ ತೂಕ ಹೊರಗೆ ಎಳೆಯುತ್ತದೆ, ದಾರ ಹಿಂದಿನಿಂದ ಒಳಗೆ ಎಳೆಯುತ್ತದೆ, ಮೂತಿ ಸ್ವಲ್ಪ ಹೊರಕ್ಕೆ ತಿರುಗಿ ದಾರ ಸಡಿಲವಾಗದೆ ಬಿಗಿಯಾಗಿ ನಿಲ್ಲುತ್ತದೆ. ಗುರುತಿಗಿಂತ ಮುಂದೆ ಕಟ್ಟಿದರೆ ಮೂತಿ ಒಳಕ್ಕೆ ತಿರುಗಿ ವಿಮಾನ ನೇರ ನಮ್ಮ ತಲೆಗೇ ಬರುತ್ತದೆ. ಇದನ್ನೂ ನಾವು ಅನುಭವದಿಂದಲೇ ಕಲಿತೆವು. ನನ್ನ ಹಣೆಯಲ್ಲಿ ಎರಡು ದಿನ ಬುಗುಟು ಇತ್ತು.

ಹಾಳೆ ಭಾರವಾಯಿತು. ಟಿವಿ ಬಂದ ಪೆಟ್ಟಿಗೆಯ ಥರ್ಮೋಕೋಲ್ ಅಟ್ಟದಲ್ಲಿತ್ತು. ತೆಳ್ಳಗಿನ ತಂತಿಯನ್ನು ಹಳೆಯ ಬ್ಯಾಟರಿಗೆ ಜೋಡಿಸಿ ಬಿಸಿ ಮಾಡಿ, ಅದರಿಂದ ಬೆಣ್ಣೆ ಕೊಯ್ದಂತೆ ಹಲಗೆಗಳನ್ನು ಕೊಯ್ದೆವು. ರೆಕ್ಕೆ 60 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಅಗಲ. ದೇಹಕ್ಕೆ ಬಿದಿರಿನ ಕಡ್ಡಿ. ನೂಲಿನ ಬದಲು ಮೀನು ಹಿಡಿಯುವ ನೈಲಾನ್ ದಾರ, ನಮ್ಮ ಕಡೆ ತಂಗೂಸು ಎನ್ನುವುದು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿದಾಗ ವಿಮಾನ 60 ಗ್ರಾಮ್ ಇತ್ತು. ಅಂಗಡಿಯವರು "ಇದನ್ನು ಎಷ್ಟಕ್ಕೆ ಕೊಡುತ್ತೀರಿ?" ಎಂದು ನಕ್ಕರು.

ದಾರದ ಭಾರಕ್ಕೆ ಒಳಗಿನ ರೆಕ್ಕೆ ಕೆಳಗೆ ವಾಲುತ್ತಿತ್ತು. ಹೊರಗಿನ ರೆಕ್ಕೆಯ ತುದಿಗೆ ಏನಾದರೂ ತೂಕ ಬೇಕು. ಮಗ ಒಳಗೆ ಓಡಿಹೋಗಿ ಒಂದು 25 ಪೈಸೆ ನಾಣ್ಯ ತಂದ. ಆ ನಾಣ್ಯವನ್ನು ಆಗಲೇ ಯಾವ ಅಂಗಡಿಯಲ್ಲೂ ಮುಟ್ಟುತ್ತಿರಲಿಲ್ಲ, ಮರುವರ್ಷ, 2011ರಲ್ಲಿ, ಚಲಾವಣೆಯಿಂದಲೇ ತೆಗೆದುಹಾಕಿದರು. ನಮ್ಮ ರೆಕ್ಕೆಗೆ ಮಾತ್ರ ಅದು ಹೇಳಿ ಮಾಡಿಸಿದಂತಿತ್ತು.

ಶಾಲೆಯ ಮೈದಾನದಲ್ಲಿ, ಬಿದಿರಿನ ಕೋಲಿನ ತುದಿಗೆ ದಾರ ಕಟ್ಟಿ ಸುತ್ತಿದೆವು. ಕೋಲಿನ ತುದಿ ಯಾವಾಗಲೂ ವಿಮಾನಕ್ಕಿಂತ ಒಂದು ಹೆಜ್ಜೆ ಮುಂದೆ ಇರಬೇಕು, ಆಗ ದಾರವೇ ಅದನ್ನು ಮುಂದಕ್ಕೆ ಎಳೆಯುತ್ತದೆ. ಎಂಜಿನ್ ಇಲ್ಲದ ವಿಮಾನಕ್ಕೆ ನಮ್ಮ ತೋಳೇ ಎಂಜಿನ್. ಕೈಯಿಂದ ವಿಮಾನಕ್ಕೆ 4 ಮೀಟರ್. 4 ಸೆಕೆಂಡಿಗೆ ಒಂದು ಸುತ್ತು ಬಂದರೆ ದಾರದ ಎಳೆತ ಹೆಚ್ಚುಕಡಿಮೆ ವಿಮಾನದ ತೂಕದಷ್ಟೇ ಆಗುತ್ತದೆ. ಲೆಕ್ಕ ಹಾಕಿ ನೋಡಿದ್ದೇನೆ. ಮಗನ ಅಂಗೈಗೆ ಅದು ಗೊತ್ತಾದದ್ದು ಲೆಕ್ಕದಿಂದಲ್ಲ. ಕೋಲು ಅವನ ಕೈಗೆ ಕೊಟ್ಟು ಎರಡನೇ ಸುತ್ತಿಗೆ ಅವನು ಕಿರುಚಿದ: "ಅಬ್ಬಾ, ಎಳೆಯುತ್ತಾ ಉಂಟು! ಅದು ನನ್ನನ್ನು ಎಳೆಯುತ್ತಾ ಉಂಟು!"

ಆ ರಜೆಯಲ್ಲಿ ಅವನು ನನ್ನನ್ನು ಕರೆದದ್ದು ಅದೇ ಮೊದಲು. ನಾಲ್ಕನೇ ಸುತ್ತಿಗೆ ತಲೆ ತಿರುಗಿ ಬಿದ್ದ. ಬಿದ್ದಲ್ಲೇ ನಗುತ್ತಿದ್ದ. ಸುತ್ತಲಿನ ಮರಗಳನ್ನು ನೋಡಬಾರದು, ವಿಮಾನವನ್ನೇ ನೋಡುತ್ತಿರಬೇಕು, ಆಗ ತಲೆ ತಿರುಗುವುದಿಲ್ಲ ಎಂದು ಹೇಳಿಕೊಟ್ಟೆ.

ಒಂದು ದಾರದ ವಿಮಾನಕ್ಕೆ ಮಾತು ಕೇಳುವ ಗುಣವಿಲ್ಲ. ಗಾಳಿ ಬಂದರೆ ಏರುತ್ತದೆ, ನಿಂತರೆ ಮೂತಿ ಕೆಳಗೆ ಮಾಡಿ ಮಣ್ಣಿಗೆ ಕುಕ್ಕುತ್ತದೆ. ನನ್ನ ರೂಮಿನಲ್ಲಿದ್ದ ಲಾಹೋರಿನ ಗೆಳೆಯನೊಬ್ಬ ಚಿಕ್ಕಂದಿನಲ್ಲಿ ಎರಡು ದಾರದ ವಿಮಾನ ಕಂಡ ಕತೆ ಹೇಳುತ್ತಿದ್ದದ್ದು ನೆನಪಾಯಿತು. ಅಮೆರಿಕದ ಜಿಮ್ ವಾಕರ್ ಎಂಬವರು ಈ ಉಪಾಯಕ್ಕೆ 1942ರಲ್ಲಿ ಪೇಟೆಂಟ್ ಪಡೆದಿದ್ದರು ಎಂದು ಆಮೇಲೆ ಓದಿ ತಿಳಿದೆ. ಹಾಲಿನ ಪುಡಿಯ ಡಬ್ಬಿಯ ತಗಡಿನಿಂದ ಒಂದು ತ್ರಿಕೋನ ಕತ್ತರಿಸಿ, ಅದು ತಿರುಗುವಂತೆ ರೆಕ್ಕೆಯ ಮೇಲೆ ಒಂದು ಸ್ಕ್ರೂನಿಂದ ಕೂರಿಸಿದೆವು. ಎರಡು ಮೂಲೆಗಳಿಗೆ ಎರಡು ದಾರ. ಮೂರನೆಯ ಮೂಲೆಯಿಂದ ಸೈಕಲ್ಲಿನ ಕಡ್ಡಿಯೊಂದು ಬಾಲದ ಹಲಗೆಗೆ. ಬಾಲದ ಹಿಂಭಾಗ ಬಾಗಿಲಿನಂತೆ ಮೇಲೆ ಕೆಳಗೆ ಆಡಬೇಕು. ಅದಕ್ಕೆ ಗಾಯಕ್ಕೆ ಹಚ್ಚುವ ಪ್ಲಾಸ್ಟರೇ ತಿರುಗಣಿ. ದಾರಗಳ ಇನ್ನೊಂದು ತುದಿ ಕೋಲಿನ ಬುಡದಲ್ಲಿ ಮೊಳೆಗೆ ಸಿಕ್ಕಿಸಿದ ಒಂದು ಪುಟ್ಟ ಅಡ್ಡಪಟ್ಟಿಗೆ. ಪಟ್ಟಿಯನ್ನು ಒಂದು ಕಡೆ ವಾಲಿಸಿದರೆ ಬಾಲ ಮೇಲಕ್ಕೆ ಮಡಚಿ ವಿಮಾನ ಏರುತ್ತದೆ, ಇನ್ನೊಂದು ಕಡೆ ವಾಲಿಸಿದರೆ ಇಳಿಯುತ್ತದೆ.

ಮೊದಲ ಸಲ ದಾರಗಳನ್ನು ಅದಲುಬದಲು ಕಟ್ಟಿದ್ದೆ. ಏರಿಸಲು ಹೋದರೆ ನೆಲಕ್ಕೆ ಬಿತ್ತು. ಎರಡನೇ ಸಲ ಬೆರಳು ಅಲುಗಿದರೂ ಹುಚ್ಚು ಕುದುರೆಯಂತೆ ಏರಿ ಇಳಿಯಿತು. ಸೈಕಲ್ ಕಡ್ಡಿಯನ್ನು ತಗಡಿನ ತುದಿಯ ತೂತಿನಿಂದ ತೆಗೆದು ಸ್ಕ್ರೂಗೆ ಹತ್ತಿರದ ತೂತಿಗೆ ಹಾಕಿದ ಮೇಲೆ ಬಾಲದ ಆಟ ಕಡಿಮೆಯಾಗಿ ಅದು ಶಾಂತವಾಯಿತು.

ಬಾಲದ ವಿಷಯ ಬಂದಾಗ ಮಗನಿಗೆ ದುಬೈಯ ಇಬ್ನ್ ಬತೂತ ಮಾಲ್‌ನಲ್ಲಿ ಕಂಡದ್ದನ್ನು ಹೇಳಿದೆ. ಅಲ್ಲಿ ಛಾವಣಿಯಿಂದ ರೆಕ್ಕೆ ಕಟ್ಟಿಕೊಂಡ ಮನುಷ್ಯನ ಪ್ರತಿಮೆಯೊಂದು ತೂಗುತ್ತದೆ. ಒಂಬತ್ತನೇ ಶತಮಾನದ ಸ್ಪೇನಿನ ಕೊರ್ದೋಬದ ಅಬ್ಬಾಸ್ ಇಬ್ನ್ ಫಿರ್ನಾಸ್. ಗರಿ ಕಟ್ಟಿಕೊಂಡು ಅವರು ಸ್ವಲ್ಪ ದೂರ ಹಾರಿದರೆಂದೂ, ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತೆಂದೂ, ಹಕ್ಕಿ ಇಳಿಯುವುದು ಬಾಲದ ಬಲದಿಂದ ಎಂಬುದನ್ನು ಅವರು ಮರೆತಿದ್ದರೆಂದೂ ಶತಮಾನಗಳ ನಂತರ ಅಲ್ ಮಕ್ಕರಿ ಎಂಬ ಇತಿಹಾಸಕಾರ ಬರೆದಿದ್ದಾರೆ. ಮಗ ಯೋಚಿಸಿ, "ಹಾಗಾದರೆ ಹಾರುವುದಕ್ಕಿಂತ ಇಳಿಯುವುದೇ ಕಷ್ಟ ಅಲ್ವಾ ಅಬ್ಬ?" ಎಂದ. ಹೌದು ಎಂದೆ. ಇಳಿಸುವುದಕ್ಕೆ ನಾವಿಬ್ಬರೂ ಒಂದು ನಿಯಮ ಮಾಡಿಕೊಂಡೆವು. ವಿಮಾನ ತೀರ ಎತ್ತರದಿಂದ, ವೇಗವಾಗಿ ಬರುತ್ತಿದ್ದರೆ ಇಳಿಸಲು ಹೋಗಬಾರದು. ಇನ್ನೊಂದು ಸುತ್ತು ಹಾಕಬೇಕು.

ಅದು ಮೇ ಮೂರನೇ ವಾರ. 22ರ ಶನಿವಾರ ಬೆಳಿಗ್ಗೆ ಆರು ಗಂಟೆ ಕಳೆದಿತ್ತಷ್ಟೇ. ನಮ್ಮ ಮನೆ ಬಜಪೆಯ ಗುಡ್ಡದ ಕೆಳಗೆ. ವಿಮಾನದ ಸದ್ದು ನಮಗೆ ಕೋಳಿ ಕೂಗಿದಷ್ಟೇ ಮಾಮೂಲು. ಅಂದಿನ ಸದ್ದು ಹಾಗಿರಲಿಲ್ಲ. ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಬದುಕಿದರು. ನನ್ನಂತೆ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಬರುತ್ತಿದ್ದವರು. ಯಾರದೋ ಪೆಟ್ಟಿಗೆಯಲ್ಲಿ ಆಟಿಕೆಯ ವಿಮಾನವೂ ಇದ್ದಿರಬಹುದು. ನಾನು ಊರವರ ಜೊತೆ ಗುಡ್ಡಕ್ಕೆ ಹೋದೆ. ಅಲ್ಲಿ ಕಂಡದ್ದನ್ನು ಇವತ್ತಿಗೂ ಮನೆಯಲ್ಲಿ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ.

ವಿಮಾನ ಬೇಕಾದ್ದಕ್ಕಿಂತ ಎತ್ತರದಿಂದ ಬಂದಿತ್ತು, ಇಳಿಸುವುದನ್ನು ಕೈಬಿಟ್ಟು ಮತ್ತೊಮ್ಮೆ ಮೇಲೇರಬೇಕಿತ್ತು ಎಂದು ತನಿಖೆ ನಡೆಸಿದವರು ಆಮೇಲೆ ಹೇಳಿದರು. ಅದನ್ನು ಪತ್ರಿಕೆಯಲ್ಲಿ ಓದಿದಾಗ ನಾನು ದುಬೈಯ ರೂಮಿನಲ್ಲಿದ್ದೆ. ಮೈದಾನದಲ್ಲಿ ಮಾಡಿಕೊಂಡ ನಿಯಮ ನೆನಪಾಗಿ ಪತ್ರಿಕೆ ಮಡಚಿಟ್ಟೆ.

ಆ ದಿನದಿಂದ ನಮ್ಮ ವಿಮಾನ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ನನ್ನ ಟಿಕೆಟ್ ಜೂನ್ ಮೊದಲ ವಾರಕ್ಕಿತ್ತು. ಹೆಂಡತಿ ಏನೂ ಹೇಳಲಿಲ್ಲ, ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ ಜಾಸ್ತಿಯಾಗಿತ್ತು. ಒಂದು ರಾತ್ರಿ ಮಗ ನನ್ನ ಚಾಪೆಯ ಹತ್ತಿರ ಬಂದು ಕುಳಿತ.

"ಅಬ್ಬ, ದೊಡ್ಡ ವಿಮಾನಕ್ಕೆ ದಾರ ಯಾಕಿಲ್ಲ?"

"ಅದಕ್ಕೂ ಉಂಟು ಮಗ. ಹೊರಗೆ ಕಾಣುವುದಿಲ್ಲ. ಪೈಲಟ್ ಹಿಡಿಯುವ ಹಿಡಿಯಿಂದ ಉಕ್ಕಿನ ಹಗ್ಗಗಳು ಒಳಗಿಂದೊಳಗೆ ಹೋಗುತ್ತವೆ. ವಿಮಾನದ ಅಪ್ಪಂದಿರಾದ ರೈಟ್ ಸಹೋದರರೂ ದಾರದಿಂದಲೇ ಶುರು ಮಾಡಿದ್ದು. 1899ರಲ್ಲಿ ಅವರು ಐದು ಅಡಿಯ ಗಾಳಿಪಟವೊಂದಕ್ಕೆ ನಾಲ್ಕು ದಾರ, ಎರಡು ಕೋಲು ಕಟ್ಟಿ ರೆಕ್ಕೆ ತಿರುಚುವುದನ್ನು ಕಲಿತರು. ಎಂಜಿನ್ ವಿಮಾನದಲ್ಲಿ ಅವರು ಹಾರಿದ್ದು ಅದಾಗಿ ನಾಲ್ಕು ವರ್ಷಕ್ಕೆ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಆದರೆ ಆ ದಾರ ನಮ್ಮ ಕೈಯಲ್ಲಿಲ್ಲ ಅಲ್ವಾ."

ನನ್ನ ಹತ್ತಿರ ಉತ್ತರವಿರಲಿಲ್ಲ. ಏನೂ ಆಗುವುದಿಲ್ಲ ಎಂದು ಹೇಳಬಹುದಿತ್ತು. ಆ ವಿಮಾನದಲ್ಲಿ ಬಂದವರೂ ಫೋನಿನಲ್ಲಿ ಮಕ್ಕಳಿಗೆ ಬೆಳಿಗ್ಗೆ ಬರುತ್ತೇನೆ ಎಂದೇ ಹೇಳಿದ್ದರು. ಆದ್ದರಿಂದ ಸುಮ್ಮನೆ ಅವನ ತಲೆ ಸವರಿದೆ. ಬೆಳಿಗ್ಗೆ ನೋಡಿದರೆ ಅವನೇ ವಿಮಾನವನ್ನು ಮೊಳೆಯಿಂದ ಇಳಿಸಿ ಮೈದಾನಕ್ಕೆ ಹೊರಟಿದ್ದ. ಮೊದಲ ಮಳೆ ಬಿದ್ದು ಮಣ್ಣು ಮೆತ್ತಗಾಗಿತ್ತು. ಹನ್ನೊಂದು ಸುತ್ತು ಹಾರಿಸಿದ. ಇಳಿಸುವಾಗ ಎತ್ತರವಾಯಿತು ಎಂದು ತೋರಿ ಮತ್ತೊಂದು ಸುತ್ತು ಹಾಕಿದ. ಹನ್ನೆರಡನೆಯದಕ್ಕೆ ವಿಮಾನ ಹೊಟ್ಟೆ ತಾಗಿಸಿ ಹುಲ್ಲಿನ ಮೇಲೆ ಜಾರಿ ನಿಂತಿತು. ಅಷ್ಟು ಚೆನ್ನಾಗಿ ನಾನು ಒಮ್ಮೆಯೂ ಇಳಿಸಿರಲಿಲ್ಲ.

ನಾನು ಹೋದೆ. ಹೋಗಲೇಬೇಕಿತ್ತು, ಮನೆಯ ಸಾಲ ಬಾಕಿಯಿತ್ತು. ಪ್ರತಿ ಶುಕ್ರವಾರ ಫೋನಿನಲ್ಲಿ ಅವನು ವಿಮಾನದ ವರದಿ ಒಪ್ಪಿಸುತ್ತಿದ್ದ. ಬಾಲ ಸಡಿಲ, ಕಡ್ಡಿ ಬಾಗಿದೆ, ರೆಕ್ಕೆ ಮುರಿದಿದೆ. ನಾನು ರೂಮಿನಲ್ಲಿ ರಟ್ಟಿನ ಮೇಲೆ ಚಿತ್ರ ಬರೆದುಕೊಂಡು ರಿಪೇರಿ ಹೇಳುತ್ತಿದ್ದೆ. ಒಂದು ವರ್ಷ ಹಾಗೆ ನಡೆಯಿತು. ಮೆಲ್ಲ ಮೆಲ್ಲನೆ ವರದಿ ಚಿಕ್ಕದಾಯಿತು, ಆಮೇಲೆ ನಿಂತಿತು. ಸಾಲ ತೀರಿಸಿ 2014ರಲ್ಲಿ ನಾನು ಊರಿಗೇ ಬಂದು ನೆಲೆಸುವಾಗ ಅವನಿಗೆ ಹದಿಮೂರು. ಆಟಿಕೆ ಹಾರಿಸುವ ಪ್ರಾಯ ದಾಟಿತ್ತು. ನಾನು ಬರುವಷ್ಟರಲ್ಲಿ ಆ ಮೈದಾನದ ಹುಡುಗ ಅಲ್ಲಿರಲಿಲ್ಲ. ಗಲ್ಫಿನಲ್ಲಿ ದುಡಿದು ಮನೆ ಕಟ್ಟಿದ ನಮ್ಮಂಥವರೆಲ್ಲ ಹೀಗೊಂದು ಬಾಕಿ ಉಳಿಸಿಕೊಂಡಿರುತ್ತೇವೆ, ಅದನ್ನು ತೀರಿಸಲು ಯಾವ ರಜೆಯೂ ಸಾಲುವುದಿಲ್ಲ. ಆದರೂ ಅವನು ನನ್ನನ್ನು 'ಅವರು' ಎನ್ನಲಿಲ್ಲ. ಅಷ್ಟನ್ನು ಆ ಎರಡು ದಾರಗಳು ಉಳಿಸಿಕೊಟ್ಟಿದ್ದವು.

ಈಗ ಅವನು ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಸಂಜೆ ಮನೆಗೆ ಬರುತ್ತಾನೆ. ಕಳೆದ ತಿಂಗಳು ಅಟ್ಟ ಗುಡಿಸುವಾಗ ವಿಮಾನ ಸಿಕ್ಕಿತು. ಥರ್ಮೋಕೋಲನ್ನು ಇರುವೆಗಳು ತೂತು ಮಾಡಿದ್ದವು, ಪ್ಲಾಸ್ಟರ್ ಒಣಗಿ ಉದುರಿತ್ತು. ತಗಡಿನ ತ್ರಿಕೋನ, ಸೈಕಲ್ ಕಡ್ಡಿ, 25 ಪೈಸೆ ಹಾಗೇ ಇದ್ದವು. ತಂಗೂಸು ಮಾತ್ರ ಬಿಸಿಲು ಕಾಣದ ಕಾರಣ ಇನ್ನೂ ಗಟ್ಟಿ. ಅವನು ಅದನ್ನು ಎರಡು ಬೆರಳಿನ ಮೇಲೆ ನಿಲ್ಲಿಸಿ ತೂಕ ನೋಡಿದ. ಪೆನ್ಸಿಲಿನ ಗುರುತು ಹುಡುಕಿದ.

"ಬಾಲ ಗಿಡ್ಡ ಆಯ್ತು ಅಬ್ಬ ಆಗ," ಎಂದ. "ಈ ಸಲ ನಾಲ್ಕು ಬೆರಳು ಉದ್ದ ಇಡುವ."

ಭಾನುವಾರ ಥರ್ಮೋಕೋಲ್ ತರುತ್ತೇನೆ ಎಂದಿದ್ದಾನೆ. ತಂತಿ, ಬ್ಯಾಟರಿ ನಾನು ಹುಡುಕಿಟ್ಟಿದ್ದೇನೆ.