ಮಾರ್ಥಳ ನಡುಕಟ್ಟು

ಬೇಥಾನ್ಯದ ಮಾರ್ಥಳ ಹೆಸರನ್ನೆತ್ತಿದ ಕೂಡಲೇ ನಮ್ಮ ಬಾಲಿಕೆಯರ ನೆನಪಿಗೆ ಬರುವದು ಅಡಿಗೆಮನೆ. ತಂಗಿಯಾದ ಮರಿಯಳು ಸ್ವಾಮಿಯ ಪಾದಗಳ ಬಳಿಯಲ್ಲಿ ಕುಳಿತು ಆತನ ಮಾತನ್ನು ಕೇಳುತ್ತಿರುವಾಗ, ತಾನೊಬ್ಬಳೇ ಮನೆಗೆಲಸದಲ್ಲಿ ಬೇಸತ್ತು ಗೊಣಗಿದವಳೆಂದು ಲೂಕನ ಸುವಾರ್ತೆಯಿಂದ ನಾವೆಲ್ಲರೂ ಬಲ್ಲೆವು. ಆದರೆ ಇದೇ ಮಾರ್ಥಳನ್ನು, ಘಟಸರ್ಪವನ್ನು ಕಟ್ಟಿ ತಂದ ಧೀರೆಯೆಂದು ಸ್ಮರಿಸುವ ಪಟ್ಟಣವೊಂದು ಫ್ರಾನ್ಸ್ ದೇಶದಲ್ಲಿರುವದು. ಆ ಪಟ್ಟಣದ ಹಬ್ಬವನ್ನು ಕುರಿತು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ನಾಲ್ಕು ಮಾತು ಹೇಳಲು ಬಯಸುತ್ತೇವೆ.

ದಕ್ಷಿಣ ಫ್ರಾನ್ಸಿನ ಪ್ರೊವೆನ್ಸ್ ಪ್ರಾಂತದಲ್ಲಿ, ರೋನ್ ನದಿಯ ದಡದ ಮೇಲೆ ತರಾಸ್ಕೋನ್ ಎಂಬ ಊರಿದೆ. ಸುವಾರ್ತೆಗಳಲ್ಲಿಲ್ಲದ, ಮುಂದಿನ ಕಾಲದವರು ಹೇಳಿಕೊಂಡು ಬಂದ ಐತಿಹ್ಯವಿದು: ಮಾರ್ಥಳೂ ಆಕೆಯ ಒಡಹುಟ್ಟಿದವರೂ ಹಾಯಿಯಿಲ್ಲದ ದೋಣಿಯಲ್ಲಿ ಸಮುದ್ರವನ್ನು ದಾಟಿ ಆ ಸೀಮೆಗೆ ಬಂದರಂತೆ. ಆಗ ನದಿಯ ಬಳಿಯ ಕಾಡಿನಲ್ಲಿ ತರಾಸ್ಕ್ ಎಂಬ ಕ್ರೂರಮೃಗವಿದ್ದು, ದಾರಿಗರನ್ನು ಕೊಲ್ಲುತ್ತಲೂ ದೋಣಿಗಳನ್ನು ಮುಳುಗಿಸುತ್ತಲೂ ಇತ್ತಂತೆ. ಜನರ ಬೇಡಿಕೆಯ ಮೇರೆಗೆ ಮಾರ್ಥಳು ಆಯುಧವಿಲ್ಲದೆ ಕಾಡಿಗೆ ಹೋಗಿ, ಶಿಲುಬೆಯನ್ನು ತೋರಿಸಿ, ಪವಿತ್ರಜಲವನ್ನು ಚಿಮುಕಿಸಲು, ಮೃಗವು ಕುರಿಯಂತೆ ಸಾಧುವಾಯಿತು. ಆಕೆ ತನ್ನ ನಡುಕಟ್ಟನ್ನೇ ಬಿಚ್ಚಿ ಅದರ ಕೊರಳಿಗೆ ಕಟ್ಟಿದಳು. ಆದರೆ ಜನರು ಈಟಿಗಳಿಂದಲೂ ಕಲ್ಲುಗಳಿಂದಲೂ ಅದನ್ನು ಅಲ್ಲಿಯೇ ಕೊಂದುಹಾಕಿದರು. ೧೩ನೆಯ ಶತಮಾನದಲ್ಲಿ ಇಟಲಿಯ ಯಾಕೊಬುಸ್ ದೆ ವೊರಾಜಿನೆ ಎಂಬ ಸಂನ್ಯಾಸಿಯು ಭಕ್ತರ ಚರಿತ್ರೆಗಳನ್ನು ಸಂಗ್ರಹಿಸಿದ ಗ್ರಂಥದಲ್ಲಿಯೂ ಈ ಕಥೆಯುಂಟು.

ಮೃಗದಿಂದಲೇ ಊರಿಗೆ ಹೆಸರು ಬಂತೆಂದು ಐತಿಹ್ಯವು ಹೇಳುವದು. ಆದರೆ ಗ್ರೀಕ್ ಭೂಗೋಳಜ್ಞನಾದ ಸ್ತ್ರಾಬೊ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಈ ಊರಿನ ಹೆಸರನ್ನು ಬರೆದಿರುವದರಿಂದ, ಊರಿನ ಹೆಸರೇ ಮೃಗಕ್ಕೆ ಬಂದಿರಬೇಕೆಂದು ತೋರುತ್ತದೆ.

ಹಬ್ಬದ ಆಟಗಳನ್ನು ೧೪೭೪ರಲ್ಲಿ ಪ್ರೊವೆನ್ಸಿನ ಪ್ರಭುವಾದ ರೆನೆ ರಾಜನು ಏರ್ಪಡಿಸಿದನೆಂದು ಊರವರು ಹೇಳುತ್ತಾರೆ. ಮೃಗದ ದೊಡ್ಡ ಆಕೃತಿಯೊಂದನ್ನು ಮಾಡುವರು. ಅದಕ್ಕೆ ಸಿಂಹದ ಮುಖ, ಬೆನ್ನಿನ ಮೇಲೆ ಮುಳ್ಳುಗಳುಳ್ಳ ಆಮೆಯ ಚಿಪ್ಪು, ಹಿಂದೆ ಉದ್ದನೆಯ ಬಾಲ. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ ಎರಡಾವರ್ತಿ ಅದನ್ನು ಹೊರಡಿಸುತ್ತಿದ್ದರು. ಪಂಚಾಶತ್ತಮ ಹಬ್ಬದ ಕಾಲದಲ್ಲಿ ಗಂಡಸರು ಅದರೊಳಗೆ ಸೇರಿ ಬೀದಿಗಳಲ್ಲಿ ಓಡಿಸುವರು. ಮೂಗಿನ ಹೊಳ್ಳೆಗಳಿಂದ ಬಾಣಬಿರುಸು ಹಾರುವದು. ಬಾಲವು ಅತ್ತಿತ್ತ ಬೀಸಿ ನೋಡುವವರನ್ನು ಕೆಡವುವದು. ಕೈಕಾಲು ಮುರಿದುಕೊಂಡವರೂ ಉಂಟು. ಜುಲೈ ೨೯ರಂದು, ಮಾರ್ಥಳ ದಿನದಲ್ಲಿ, ಅದೇ ಮೃಗವು ಶಾಂತವಾಗಿ ಹೊರಡುವದು. ಮಾರ್ಥಳ ವೇಷದ ಹುಡುಗಿಯೊಬ್ಬಳು ಅದನ್ನು ಪಟ್ಟಿಯಿಂದ ಹಿಡಿದು ನಡಿಸುವಳು. ಈಗ ಹಬ್ಬವು ಜೂನ್ ತಿಂಗಳ ಕೊನೆಯಲ್ಲಿ ನಡೆಯುವದು. ೨೦೦೫ರಲ್ಲಿ ಯುನೆಸ್ಕೋ ಸಂಸ್ಥೆಯು ಬೆಲ್ಜಿಯಮ್ ಮತ್ತು ಫ್ರಾನ್ಸ್ ದೇಶಗಳ ಇಂಥ ಮೆರವಣಿಗೆಗಳನ್ನು ಮಾನವಕುಲದ ಪರಂಪರೆಯ ಸಾಲಿಗೆ ಸೇರಿಸಿದಾಗ ತರಾಸ್ಕೋನಿನ ಹಬ್ಬವೂ ಅದರಲ್ಲಿ ಸೇರಿತು.

ಈ ಹಬ್ಬವನ್ನು ೧೯೪೬ರಲ್ಲಿ ಕಣ್ಣಾರೆ ಕಂಡು, ೧೯೫೧ರಲ್ಲಿ ಗ್ರಂಥವನ್ನು ಪ್ರಕಟಿಸಿದವರು ಲೂಯಿ ದ್ಯುಮೊಂ. ಮುಂದೆ ತಮಿಳುನಾಡಿನ ಜನರ ನಡುವೆ ಇದ್ದು, ನಮ್ಮ ದೇಶದ ಜಾತಿಪದ್ಧತಿಯನ್ನು ಕುರಿತು ಬರೆದು ಹೆಸರಾದ ವಿದ್ವಾಂಸರು ಇವರೇ. ಇಂಥವರ ಗಮನವನ್ನು ಸೆಳೆದ ಹಬ್ಬವು ಬರೀ ಮಕ್ಕಳಾಟವಾಗಿರಲಾರದು. ಪೂರ್ವಿಕರು ಕೊಂದರೆನ್ನುವ ಮೃಗವನ್ನೇ ಊರಿನವರು ಪ್ರೀತಿಯಿಂದ 'ಅಜ್ಜಿ' ಎಂದು ಕರೆಯುವದುಂಟು.

ನಾವು ಈ ಕಥೆಯನ್ನು ಎಂಟನೆಯ ತರಗತಿಯಲ್ಲಿ ಹೇಳಿದಾಗ, "ಸಾಧುವಾದ ಮೇಲೆ ಅದನ್ನು ಯಾಕೆ ಕೊಂದರು, ಟೀಚರ್?" ಎಂದು ಒಬ್ಬ ಬಾಲಿಕೆಯು ಕೇಳಿದಳು. ನಾವು ಉತ್ತರ ಕೊಡುವದಕ್ಕೆ ಮೊದಲೇ ಹಿಂದಿನ ಸಾಲಿನಿಂದ ಇನ್ನೊಬ್ಬಳು, "ಅವರಿಗೆ ಇನ್ನೂ ಹೆದರಿಕೆ ಇತ್ತಲ್ಲ" ಎಂದಳು. ಅದಕ್ಕಿಂತ ಹೆಚ್ಚಿನದನ್ನು ಹೇಳಲು ನಮಗೂ ತೋರಲಿಲ್ಲ.

ನಾವು ಹಿಂದೆ ಕೆಲಸಮಾಡಿದ ಒಂದು ಶಾಲೆಯಲ್ಲಿ ಹಟಮಾರಿಯೆಂದೂ ಕೈ ಸುಳ್ಳೆಂದೂ ಹೆಸರು ಪಡೆದ ಹುಡುಗಿಯೊಬ್ಬಳಿದ್ದಳು. ಹಾಸ್ಟೆಲಿನ ವೃದ್ಧ ಮೇಟ್ರನ್ ಅವರು ಒಮ್ಮೆಯೂ ಬೆತ್ತವನ್ನು ಮುಟ್ಟದೆ, ತಮ್ಮ ಬಳಿಯಲ್ಲಿ ಕುಳ್ಳಿರಿಸಿಕೊಂಡು ಹೊಲಿಗೆ ಕಲಿಸುತ್ತಾ, ಉಗ್ರಾಣದ ಬೀಗದಕೈಯನ್ನೇ ಅವಳ ವಶಕ್ಕೆ ಕೊಟ್ಟು, ಒಂದು ವರ್ಷದೊಳಗೆ ಅವಳನ್ನು ಬೇರೆಯೇ ಮಗುವಾಗಿ ಮಾಡಿದರು. ಆದರೆ ತರಗತಿಯಲ್ಲಿ ಯಾರ ಪೆನ್ನು ಕಾಣದೆ ಹೋದರೂ ಎಲ್ಲರ ಕಣ್ಣುಗಳು ಅವಳ ಕಡೆಗೇ ತಿರುಗುತ್ತಿದ್ದವು. ಬೇಸಿಗೆಯ ರಜಕ್ಕೆ ಊರಿಗೆ ಹೋದವಳು ಹಿಂದಿರುಗಲಿಲ್ಲ. ಆ ಬೀಗದಕೈಯನ್ನು ಅವಳು ಹೋಗುವ ಮುಂಚೆ ಮೇಟ್ರನ್ ಅವರ ಮೇಜಿನ ಮೇಲೆ ಜೋಪಾನವಾಗಿ ಇಟ್ಟುಹೋಗಿದ್ದಳು.

ಒರಟನ್ನು ಸಾಧುಮಾಡುವದು ಒಬ್ಬರಿಂದ ಆಗಬಹುದು. ಸಾಧುವಾದದ್ದನ್ನು ಬದುಕಗೊಡುವದಕ್ಕೆ ಊರೆಲ್ಲವೂ ಬೇಕು. ಮಾರ್ಥಳು ಮೃಗವನ್ನು ಕಟ್ಟಿದ್ದು ದಿನವೂ ಕೆಲಸಕ್ಕೆ ನಿಲ್ಲುವಾಗ ತಾನು ಸೊಂಟಕ್ಕೆ ಬಿಗಿದುಕೊಳ್ಳುವ ಬಟ್ಟೆಯಿಂದ. ಅಂಥ ಬಟ್ಟೆ ನಿಮ್ಮೆಲ್ಲರ ಮನೆಗಳಲ್ಲಿಯೂ ಇದೆ. ಅಂಥ ಕೈಗಳೂ ಇವೆ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ದಾದಿಯರೂ ಆಗಿದ್ದೀರಿ. ಪೋಷಕರೇ, ಮಕ್ಕಳ ಹಳೆಯ ತಪ್ಪುಗಳು ನಿಮ್ಮ ನೆನಪಿನಲ್ಲಿ ಬಹುಕಾಲ ಉಳಿಯುತ್ತವೆ. ಒಂದು ಮಗುವು ತಿದ್ದಿಕೊಂಡು ನಿಮ್ಮ ಬಾಗಿಲಿಗೆ ಬಂದಾಗ, ಅದರ ಹಳೆಯ ಹೆಸರನ್ನು ಎತ್ತದೆ ಒಳಗೆ ಕರೆಯಿರಿ. ನಮ್ಮ ಶಾಲೆಯು ನಿಮ್ಮಿಂದ ಕೇಳಿಕೊಳ್ಳುವದು ಇಷ್ಟೇ.